ಅಱಿದನೋ ಅೞಿದನೋ: ಒಂದು ಇ-ಮೇಲಿನ ಪಾಠಶೋಧನೆ

ಕಳೆದ ವರ್ಷದ ಮಳೆಗಾಲದಲ್ಲಿ ಹೊಸ ಕಂಪ್ಯೂಟರೊಂದನ್ನು ಕೊಂಡು, ಅದರಲ್ಲಿ ನನ್ನ ಹಳೆಯ ಇ-ಮೇಲ್ ಖಾತೆಯನ್ನು ತೆರೆಯಲು ಕುಳಿತೆ. ನಿವೃತ್ತನಾಗುವವರೆಗೆ ನಾನು ಕೆಲಸ ಮಾಡಿದ ಸಂಸ್ಥೆ ಕೊಟ್ಟಿದ್ದ ಖಾತೆ ಅದು. ವಿಳಾಸ ಸರಿಯಾಗಿತ್ತು, ಗುಪ್ತಪದವೂ ಸರಿಯಾಗಿತ್ತು. ಆದರೂ ಹೊಸ ಅಂಚೆ ತಂತ್ರಾಂಶವು ಸರ್ವರಿನೊಡನೆ ಸುರಕ್ಷಿತ ಸಂಪರ್ಕ ಸಾಧ್ಯವಾಗಲಿಲ್ಲವೆಂದು ಹೇಳಿ ಸುಮ್ಮನಾಯಿತು. ಎರಡು ದಿನ ಪ್ರಯತ್ನಿಸಿದೆ, ಉತ್ತರ ಬದಲಾಗಲಿಲ್ಲ. ಹಳೆಯ ಕಂಪ್ಯೂಟರ್ ಕೆಟ್ಟು ಮೂಲೆ ಸೇರಿತ್ತು. ಇದರ ಮೇಲೆ, ಹಳೆಯ ಸರ್ವರನ್ನು ಆ ತಿಂಗಳ ಕೊನೆಗೆ ನಿಲ್ಲಿಸಲಾಗುವುದೆಂಬ ಸುತ್ತೋಲೆ ಮನೆಗೆ ಬಂದಿತ್ತು.

ಆ ಖಾತೆಯಲ್ಲಿ ಬೇರೇನಿದ್ದರೂ ಹೋಗಲಿ ಎನ್ನಬಹುದಿತ್ತು. ಆದರೆ ಅಲ್ಲಿ ನನ್ನ ಗುರುಗಳು ಹತ್ತು ವರ್ಷಗಳ ಅವಧಿಯಲ್ಲಿ ಬರೆದ ಮುನ್ನೂರಕ್ಕೂ ಹೆಚ್ಚು ಪತ್ರಗಳಿದ್ದವು. ಅವರು ಈಗಿಲ್ಲ. ಅವರು ಅರ್ಧಕ್ಕೆ ಬಿಟ್ಟುಹೋದ ಒಂದು ಹಳಗನ್ನಡ ಚಂಪೂಕಾವ್ಯದ ಸಂಪಾದನೆಯನ್ನು ಮುಗಿಸುವ ಹೊಣೆ ನನ್ನದಾಗಿದೆ. ಕಾವ್ಯಕ್ಕೆ ದೊರೆತಿರುವುದು ಒಂದೇ ಓಲೆಪ್ರತಿ. ಕಷ್ಟದ ಪಾಠಗಳನ್ನು ಕುರಿತು ನಾವಿಬ್ಬರೂ ನಡೆಸಿದ ಚರ್ಚೆಯೆಲ್ಲ ಆ ಪತ್ರಗಳಲ್ಲಿಯೇ ಇದೆ. ಅವುಗಳಲ್ಲಿ ಒಂದು ಪತ್ರ ನನಗೆ ತುರ್ತಾಗಿ ಬೇಕಾಗಿತ್ತು.

ಕಾವ್ಯದ ಒಂದು ಪದ್ಯದ ನಡುವೆ, ನಾಯಕನ ಅಣ್ಣನನ್ನು ಕುರಿತ ಮಾತಿನಲ್ಲಿ, ಓಲೆಗೆ ಹುಳು ಹೊಡೆದು ಒಂದು ಅಕ್ಷರದ ಅರ್ಧಭಾಗ ಹೋಗಿದೆ. ಉಳಿದ ಗೆರೆಗಳನ್ನು ಱಕಾರವೆಂದೂ ಓದಬಹುದು, ೞಕಾರವೆಂದೂ ಓದಬಹುದು. ಮೊದಲನೆಯದಾದರೆ ಪದ ‘ಅಱಿದಂ’, ಅವನು ತಿಳಿದನು. ಎರಡನೆಯದಾದರೆ ‘ಅೞಿದಂ’, ಅವನು ನಾಶವಾದನು. ಛಂದಸ್ಸು ಎರಡನ್ನೂ ಒಪ್ಪುತ್ತದೆ. ಪಾದದ ಮೊದಲಲ್ಲಿದ್ದಿದ್ದರೆ ಆದಿಪ್ರಾಸದ ಅಕ್ಷರವೇ ತೀರ್ಪು ಹೇಳುತ್ತಿತ್ತು. ಪದವು ಪಾದಮಧ್ಯದಲ್ಲಿರುವುದರಿಂದ ಆ ಆಸರೆಯೂ ಇಲ್ಲ. ಮುಂದಿನ ಆಶ್ವಾಸದಲ್ಲಿ ಆ ಪಾತ್ರ ಮತ್ತೆ ಕಾಣಿಸಿಕೊಳ್ಳುವುದಿಲ್ಲ. ತಿಳಿದು ಹೊರಟುಹೋದನೋ, ಅಲ್ಲಿಯೇ ಮಡಿದನೋ ಎಂಬುದು ಒಂದು ಅಕ್ಷರದ ಮೇಲೆ ನಿಂತಿದೆ. ಈ ಎರಡು ಅಕ್ಷರಗಳು ಕನ್ನಡದ ಬಳಕೆಯಿಂದ ಜಾರಿಹೋಗಿ, ಒಂದು ರಕಾರದಲ್ಲಿಯೂ ಇನ್ನೊಂದು ಳಕಾರದಲ್ಲಿಯೂ ಬೆರೆತುಹೋದ ಕಥೆ ನಮ್ಮ ವಿದ್ಯಾರ್ಥಿಗಳಿಗೆ ತಿಳಿದದ್ದೇ. 13ನೆಯ ಶತಮಾನದಲ್ಲಿಯೇ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ರಳ, ಕುಳ, ಕ್ಷಳಗಳೆಂದು ಬೇರ್ಪಡಿಸಿ ತೋರಿಸಬೇಕಾಯಿತು.

ಈ ಪದವನ್ನು ಕುರಿತು ಗುರುಗಳು ತಮ್ಮ ನಿರ್ಣಯವನ್ನು ಪತ್ರದಲ್ಲಿ ತಿಳಿಸಿದ್ದರೆಂಬುದು ನನಗೆ ಚೆನ್ನಾಗಿ ನೆನಪಿದೆ. ಅದು ‘ಅಱಿದಂ’ ಎಂದೇ ಇತ್ತೆಂದು ನೆನಪು ಹೇಳುತ್ತದೆ. ಆದರೆ ನನಗೆ ಪ್ರಿಯವಾದ ಪಾಠವೂ ಅದೇ ಆಗಿರುವುದರಿಂದ, ಈ ನೆನಪನ್ನು ನಾನೇ ನಂಬಲಾರೆ. ಸಾಕ್ಷಿ ಬೇಕಿತ್ತು. ಸಾಕ್ಷಿಯಿದ್ದ ಪೆಟ್ಟಿಗೆಯ ಬಾಗಿಲು ತೆರೆಯುತ್ತಿರಲಿಲ್ಲ.

ಬಾಗಿಲು ಏಕೆ ತೆರೆಯುವುದಿಲ್ಲವೆಂಬುದನ್ನು ಅರಿಯಲು, ಇ-ಮೇಲ್ ಹೇಗೆ ನಡೆಯುತ್ತದೆಂಬುದನ್ನು ಮೊದಲ ಬಾರಿಗೆ ಓದಿ ತಿಳಿದೆ. 1982ರ ಆಗಸ್ಟಿನಲ್ಲಿ ಜಾನ್ ಪೋಸ್ಟೆಲ್ ಬರೆದ ಆರ್‌ಎಫ್‌ಸಿ 821 ಎಂಬ ನಿಯಮಪತ್ರವು ಪತ್ರ ರವಾನೆಯನ್ನು ಒಂದು ಸಂಭಾಷಣೆಯಾಗಿ ರೂಪಿಸಿದೆ. ಕಳಿಸುವ ಯಂತ್ರ ‘ಹೆಲೊ’ ಎಂದು ತನ್ನ ಹೆಸರು ಹೇಳುತ್ತದೆ. ಪಡೆಯುವ ಯಂತ್ರ ಒಂದು ಸಂಖ್ಯೆಯನ್ನು ಹೇಳಿ ಸಮ್ಮತಿಸುತ್ತದೆ. ಬಳಿಕ ಪತ್ರ ಯಾರಿಂದ, ಯಾರಿಗೆ ಎಂಬುದು, ಕೊನೆಯಲ್ಲಿ ಒಡಲು. ಹತ್ತು ವರ್ಷಗಳಾದ ಮೇಲೆ ಹೊಸ ಸೌಲಭ್ಯಗಳನ್ನು ಸೇರಿಸುವ ಅಗತ್ಯ ಕಂಡಿತು. ಅಷ್ಟು ಹೊತ್ತಿಗೆ ಹಳೆಯ ಯಂತ್ರಗಳು ಎಲ್ಲೆಲ್ಲಿಯೂ ಇದ್ದವು. ಎಲ್ಲವನ್ನೂ ಒಂದೇ ದಿನ ಬದಲಿಸುವಂತಿರಲಿಲ್ಲ. 1993ರಲ್ಲಿ ಕಂಡುಕೊಂಡ ಉಪಾಯ ಸರಳವಾದದ್ದು: ಹೊಸ ಯಂತ್ರ ‘ಹೆಲೊ’ ಎನ್ನುವ ಬದಲು ‘ಎಹ್ಲೊ’ ಎನ್ನಬೇಕು. ಎದುರಿನದು ಹೊಸದಾಗಿದ್ದರೆ ತನಗೆ ಬರುವ ಹೊಸ ವಿದ್ಯೆಗಳ ಪಟ್ಟಿಯನ್ನು ಹೇಳುತ್ತದೆ. ಹಳೆಯದಾಗಿದ್ದರೆ ಈ ಪದ ತನಗೆ ತಿಳಿಯದೆಂದು ಹೇಳುತ್ತದೆ. ಆಗ ಹೊಸದು ಬೇಸರಿಸದೆ ‘ಹೆಲೊ’ ಎಂದು ಹಳೆಯ ಮಾತಿನಲ್ಲಿಯೇ ಮತ್ತೆ ಆರಂಭಿಸುತ್ತದೆ.

ಇದನ್ನು ಓದಿದಾಗ ನನಗೆ ಸಂತೋಷವಾಯಿತು. ಹಳ್ಳಿಗೆ ಬಂದ ವಿದ್ವಾಂಸರು ಊರಿನವರ ಮಾತನ್ನು ಕೇಳಿಸಿಕೊಂಡು ತಮ್ಮ ಮಾತನ್ನು ಇಳಿಸಿಕೊಳ್ಳುವುದನ್ನು ನಾನು ಕಂಡಿದ್ದೇನೆ. ತಾನು ಕಳಿಸುವಾಗ ಕಟ್ಟುನಿಟ್ಟಾಗಿರಬೇಕು, ಇತರರಿಂದ ಪಡೆಯುವಾಗ ಉದಾರವಾಗಿರಬೇಕು ಎಂಬುದು ಪೋಸ್ಟೆಲ್ 1980ರಷ್ಟು ಹಿಂದೆಯೇ ಸೂಚಿಸಿದ್ದ ತತ್ತ್ವ. ಹಾಗಿದ್ದರೆ ನನ್ನ ಹೊಸ ತಂತ್ರಾಂಶಕ್ಕೆ ಈ ಸೌಜನ್ಯವೇಕೆ ಇಲ್ಲ? ಪೆಟ್ಟಿಗೆಯಲ್ಲಿರುವ ಪತ್ರವನ್ನು ಓದುವುದಕ್ಕೆ ಬಳಸುವ ಭಾಷೆ ಬೇರೆಯಾದರೂ ಅಲ್ಲಿಯೂ ಮೊದಲು ಇಂಥ ಮಾತುಕತೆಯೇ ನಡೆಯಬೇಕಲ್ಲ?

ಉತ್ತರ ಸಿಕ್ಕಿದ್ದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ. ಕನ್ನಡ ಎಂ.ಎ. ಮುಗಿಸಿ, ಆಮೇಲೆ ಗಣಕದ ಕಡೆಗೆ ಹೊರಳಿ, ಈಗ ಅದೇ ಸಂಸ್ಥೆಯಲ್ಲಿ ಸರ್ವರುಗಳನ್ನು ನೋಡಿಕೊಳ್ಳುತ್ತಿದ್ದಾನೆ. ಫೋನಿನಲ್ಲಿ ವಿವರಿಸಿದ. ಪತ್ರ ದಾರಿಯಲ್ಲಿ ಸಾಗುವಾಗ ಅನ್ಯರು ಓದದಂತೆ ಅದಕ್ಕೆ ಮುದ್ರೆಯೊತ್ತುವ ಪದ್ಧತಿಗೆ ಟಿಎಲ್‌ಎಸ್ ಎಂದು ಹೆಸರು. ಅದರ ಮೊದಲ ಆವೃತ್ತಿ 1999ರದು. 2006, 2008, 2018ರಲ್ಲಿ ಮುಂದಿನ ಆವೃತ್ತಿಗಳು ಬಂದವು. ಮೊದಲೆರಡು ಆವೃತ್ತಿಗಳನ್ನು ಇನ್ನು ಬಳಸಬಾರದೆಂದು ಅಂತರ್ಜಾಲದ ನಿಯಮಗಳನ್ನು ರೂಪಿಸುವ ಮಂಡಳಿ 2021ರ ಮಾರ್ಚಿನಲ್ಲಿ ಘೋಷಿಸಿತು. ನಮ್ಮ ಸರ್ವರಿಗೆ ತಿಳಿದಿರುವುದು ಆ ಮೊದಲನೆಯದು ಮಾತ್ರ. ಹೊಸ ತಂತ್ರಾಂಶಕ್ಕೆ ಅದು ತಿಳಿಯದೆಂದಲ್ಲ; ತಿಳಿದಿದ್ದೂ ಒಲ್ಲೆನೆನ್ನುತ್ತದೆ.

“ಸ್ವಲ್ಪ ಇಳಿದು ಮಾತನಾಡಿದರೆ ಅದರ ಗಂಟೇನು ಹೋಗುತ್ತದಪ್ಪ?” ಎಂದು ಕೇಳಿದೆ.

“ಹಾಗೆ ಇಳಿಯುವುದನ್ನೇ ಕಳ್ಳರು ಕಾಯುತ್ತಿದ್ದರು, ಸರ್,” ಎಂದ.

2014ರಲ್ಲಿ ‘ಪೂಡಲ್’ ಎಂಬ ಹೆಸರಿನ ಒಂದು ದೌರ್ಬಲ್ಯ ಬಯಲಿಗೆ ಬಂತಂತೆ. ದಾರಿಯ ನಡುವೆ ನಿಂತವನೊಬ್ಬ ಹೊಸ ಮುದ್ರೆಯ ಮಾತುಕತೆಯನ್ನು ಬೇಕೆಂದೇ ಕೆಡಿಸುತ್ತಾನೆ. ಎದುರಿನದು ಹಳೆಯದಿರಬೇಕೆಂದು ಭಾವಿಸಿ ಹೊಸ ಯಂತ್ರ 1996ರ ದುರ್ಬಲ ಮುದ್ರೆಗೆ ಇಳಿಯುತ್ತದೆ. ಆಗ ಆತ ಗುಟ್ಟಿನ ಒಂದೊಂದೇ ಅಕ್ಷರವನ್ನು ಊಹಿಸಿ ತೆಗೆಯುತ್ತಾನೆ. ಹಳೆಯದಕ್ಕೆ ತೋರಿದ ಸೌಜನ್ಯವೇ ಇಲ್ಲಿ ಕನ್ನದ ಬಾಗಿಲಾಯಿತು. ಆದ್ದರಿಂದ ‘ಹೆಲೊ’ ಎನ್ನುವುದರಲ್ಲಿ ಇಳಿಯಬಹುದು, ಮುದ್ರೆಯೊತ್ತುವುದರಲ್ಲಿ ಇಳಿಯಬಾರದು ಎಂಬ ವಿವೇಕವನ್ನು ಹೊಸ ತಂತ್ರಾಂಶಗಳು ಕಲಿತುಕೊಂಡಿವೆ. ಅದನ್ನು ಅಹಂಕಾರವೆಂದು ತಿಳಿದದ್ದು ನನ್ನ ತಪ್ಪು. ತಂತ್ರಾಂಶದ ಒಳಗಿನ ಒಂದು ಅಂಕಿಯನ್ನು ಬದಲಿಸಿದರೆ ಅದು ಹಳೆಯ ಮುದ್ರೆಯನ್ನು ಒಪ್ಪುತ್ತದೆಂಬುದನ್ನು ಅಷ್ಟರಲ್ಲಿ ನಾನು ಓದಿಕೊಂಡಿದ್ದೆ. ಹೇಳಿದಾಗ ಅವನು ತಡೆದ. “ಅದು ಈ ಒಂದು ಪೆಟ್ಟಿಗೆಗೆ ಮಾತ್ರ ಅನ್ವಯಿಸುವುದಿಲ್ಲ, ಸರ್. ಆ ತಂತ್ರಾಂಶದಲ್ಲಿರುವ ನಿಮ್ಮ ಎಲ್ಲ ಖಾತೆಗಳ ಕಾವಲೂ ಸಡಿಲವಾಗುತ್ತದೆ. ನೀವೇ ಇಲ್ಲಿಗೆ ಬಂದುಬಿಡಿ. ದಾರಿಯೇ ಬೇಡ, ಸರ್ವರಿನೊಳಗಿಂದಲೇ ತೆಗೆದುಕೊಡುತ್ತೇನೆ.”

ಹೋದೆ. ಅರ್ಜಿ ಕೊಟ್ಟು ಒಪ್ಪಿಗೆ ಪಡೆದದ್ದಾಯಿತು. ಅವನು ನನ್ನ ಪೆಟ್ಟಿಗೆಯ ಕಡತವನ್ನು ಪೆನ್‌ಡ್ರೈವಿಗೆ ಪ್ರತಿಮಾಡಿ ಕೈಗಿಟ್ಟ. ಹಲವು ವರ್ಷಗಳ ಪತ್ರಗಳೆಲ್ಲ ಒಂದರ ಕೆಳಗೊಂದಾಗಿ ಒಂದೇ ಕಡತದಲ್ಲಿದ್ದವು. ಈ ಬಗೆಯ ಕಡತದಲ್ಲಿ ಪ್ರತಿಯೊಂದು ಪತ್ರವೂ ಇಂಗ್ಲಿಷಿನ ‘ಫ್ರಮ್’ ಎಂಬ ಪದದಿಂದ ಆರಂಭವಾಗುವ ಸಾಲಿನಿಂದ ಶುರುವಾಗುತ್ತದೆ. ಯಾರಾದರೂ ತಮ್ಮ ಪತ್ರದ ಒಡಲಿನಲ್ಲಿಯೇ ಒಂದು ಸಾಲನ್ನು ಆ ಪದದಿಂದ ಆರಂಭಿಸಿದ್ದರೆ, ಗೊಂದಲವಾಗಬಾರದೆಂದು ಯಂತ್ರ ಅದರ ಹಿಂದೆ ಒಂದು ಬಾಣದ ಗುರುತನ್ನು ತಾನೇ ಸೇರಿಸುತ್ತದೆ. ಲಿಪಿಕಾರರ ಪ್ರಕ್ಷೇಪಗಳ ಪಟ್ಟಿಗೆ ಇದೊಂದು ಹೊಸ ಸೇರ್ಪಡೆಯೆಂದು ನಕ್ಕುಕೊಂಡು ಮನೆಗೆ ಬಂದೆ.

ಮನೆಯಲ್ಲಿ ಕಡತವನ್ನು ತೆರೆದಾಗ ನಗು ನಿಂತಿತು. ಗುರುಗಳ ಪತ್ರಗಳಲ್ಲಿ ಒಂದೂ ಕನ್ನಡವಾಗಿ ಕಾಣಿಸಲಿಲ್ಲ. ರೋಮನ್ ಅಕ್ಷರಗಳು, ತಲೆಯ ಮೇಲೆ ಗೀಟುಳ್ಳ ‘ಎ’ಗಳು, ಬ್ರಿಟನ್ನಿನ ಪೌಂಡ್ ನಾಣ್ಯದ ಗುರುತು, ಜರ್ಮನರ ಜೋಡಿ ‘ಎಸ್’: ಪುಟಪುಟವೂ ಇದೇ. ಕ್ರಮೇಣ ಕಾರಣ ಹೊಳೆಯಿತು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ದೊರೆತಿದ್ದರೂ, ಆ ದಿನಗಳಲ್ಲಿ ನಾವೆಲ್ಲ ನುಡಿ, ಬರಹ ಮೊದಲಾದ ತಂತ್ರಾಂಶಗಳ ಅಕ್ಷರಶೈಲಿಗಳಲ್ಲಿ ಬರೆಯುತ್ತಿದ್ದೆವು. ಅವು ರೋಮನ್ ಗುರುತುಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದ ಶೈಲಿಗಳು. ನುಡಿಯ ಪದ್ಧತಿಯಲ್ಲಿ ‘ಕನ್ನಡ’ ಎಂದು ಬರೆದರೆ ಕಂಪ್ಯೂಟರ್ ಉಳಿಸಿಕೊಳ್ಳುವುದು ಏಳು ಗುರುತುಗಳನ್ನು: ದೊಡ್ಡ ‘ಪಿ’, ಗೀಟಿನ ‘ಎ’, ಪೌಂಡ್, ಮತ್ತೆ ಗೀಟಿನ ‘ಎ’, ಜೋಡಿ ‘ಎಸ್’, ಚಿಕ್ಕ ‘ಕ್ಯೂ’, ಮತ್ತೊಮ್ಮೆ ಗೀಟಿನ ‘ಎ’. ‘ಪಿ’ ಎಂಬುದು ಕಕಾರದ ಒಡಲು, ಪೌಂಡ್ ನಕಾರದ ಒಡಲು, ಗೀಟಿನ ‘ಎ’ ತಲೆಕಟ್ಟು, ಜೋಡಿ ‘ಎಸ್’ ನಕಾರದ ಒತ್ತು. ನನ್ನ ಹಳೆಯ ಅಂಚೆ ತಂತ್ರಾಂಶದಲ್ಲಿ ಓದುವ ಅಕ್ಷರಶೈಲಿಯನ್ನು ನಾನೇ ಆರಿಸಿಟ್ಟಿದ್ದೆ. ಗುರುತುಗಳ ಮೇಲೆ ಕನ್ನಡದ ವೇಷ ತಾನಾಗಿ ಕೂರುತ್ತಿತ್ತು. ಹೊಸದು ಪತ್ರದ ತಲೆಬರಹದಲ್ಲಿ ಬರೆದಿರುವುದನ್ನು ನಂಬುತ್ತದೆ. ಅಲ್ಲಿ ಇರುವುದು ಪಶ್ಚಿಮ ಯುರೋಪಿನ ಲಿಪಿಯೆಂಬ ಹೇಳಿಕೆ. ಅದು ಪ್ರಾಮಾಣಿಕವಾಗಿ ಪಶ್ಚಿಮ ಯುರೋಪನ್ನೇ ತೋರಿಸುತ್ತಿತ್ತು.

ಇಂಥ ಪತ್ರಗಳನ್ನು ನೋಡಿ ಎದೆಗುಂದಬೇಕಾಗಿಲ್ಲ. ಕಾಣುವ ರೂಪ ಕೆಟ್ಟಿದೆ. ಒಳಗಿನ ಸಂಕೇತ ಹಾಗೆಯೇ ಇದೆ. ಯಾವ ಗುರುತಿಗೆ ಯಾವ ಆಕಾರವೆಂಬ ಕೋಷ್ಟಕವಿದ್ದರೆ ಎಲ್ಲವನ್ನೂ ಯೂನಿಕೋಡಿಗೆ ತರಬಹುದು. ಅಂಥ ಪರಿವರ್ತಕಗಳು ದೊರೆಯುತ್ತವೆ. ಗುರುಗಳ ಪತ್ರಗಳಲ್ಲಿ ಮುಕ್ಕಾಲು ಪಾಲು ಹೀಗೆ ಒಂದು ಸಂಜೆಯಲ್ಲಿ ಮರಳಿ ಕನ್ನಡವಾದವು. ಲಿಪಿ ಬಾರದವನ ಮುಂದೆ ಹಿಡಿದ ಓಲೆ ನಷ್ಟವಾದ ಓಲೆಯಲ್ಲ ಎಂಬುದನ್ನು ಕಂಪ್ಯೂಟರಿನ ಮುಂದೆ ಕುಳಿತು ಮತ್ತೆ ಕಲಿತೆ.

ಮೊದಲ ವರ್ಷದ ಕೆಲವು ಪತ್ರಗಳ ಸ್ಥಿತಿ ಬೇರೆಯಾಗಿತ್ತು. ಅಲ್ಲಿ ಗೀಟಿನ ‘ಎ’ ಇರಬೇಕಾದ ಕಡೆಯೆಲ್ಲ ಇ-ಮೇಲ್ ವಿಳಾಸದಲ್ಲಿ ಬಳಸುವ ‘ಅಟ್’ ಗುರುತು. ಪೌಂಡ್ ಇದ್ದೆಡೆ ಅಡ್ಡಗೆರೆ ನೆಟ್ಟಗೆರೆಗಳ ‘ಹ್ಯಾಶ್’. ಜೋಡಿ ‘ಎಸ್’ ಇದ್ದೆಡೆ ಒಂದು ಅಡಿಗೆರೆ. ಇದಕ್ಕೂ ನಿಯಮವಿದೆ. 1982ರ ಪದ್ಧತಿಯಲ್ಲಿ ಪತ್ರದ ಪ್ರತಿಯೊಂದು ಗುರುತಿಗೂ ಏಳು ಬಿಟ್‌ಗಳು ಮಾತ್ರ, ಅಂದರೆ ಒಟ್ಟು 128 ಗುರುತುಗಳಿಗಷ್ಟೇ ಅವಕಾಶ. ಇಂಗ್ಲಿಷಿಗೆ ಅಷ್ಟು ಸಾಕಾಗಿತ್ತು. ನಮ್ಮ ಅಕ್ಷರಶೈಲಿಗಳು ಎಂಟನೆಯ ಬಿಟ್ಟನ್ನೂ ಬಳಸುತ್ತಿದ್ದವು. ದಾರಿಯಲ್ಲಿದ್ದ ಯಾವುದೋ ಹಳೆಯ ಸರ್ವರ್ ಎಂಟನೆಯದನ್ನು ಸೊನ್ನೆ ಮಾಡಿ ಮುಂದಕ್ಕೆ ಕಳಿಸಿದೆ. ತನ್ನ ಕಾಲದ ನಿಯಮದಂತೆ ಅದು ನಡೆದುಕೊಂಡಿತು. ಇಂಥ ತೊಡಕುಗಳಿಗಾಗಿಯೇ 1992ರಲ್ಲಿ ಮೈಮ್ ಎಂಬ ಪದ್ಧತಿ ಬಂದು, ಎಂಟು ಬಿಟ್ಟಿನ ಬರಹಕ್ಕೆ ಏಳು ಬಿಟ್ಟಿನ ಹೊದಿಕೆ ಹಾಕಿ ಕಳಿಸುವ ಉಪಾಯ ಮಾಡಿತು. ನಮ್ಮ ಆ ಪತ್ರಗಳು ಹೊದಿಕೆಯಿಲ್ಲದೆ ಹೊರಟಿದ್ದವು.

ಎಂಟನೆಯ ಬಿಟ್ ಹೋದರೆ ಎರಡು ಬೇರೆ ಗುರುತುಗಳು ಒಂದಾಗುತ್ತವೆ. ದೀರ್ಘದ ಕೊಂಬಾಗಿದ್ದ ಒಂದು ಗುರುತು ಬರಿಯ ದೊಡ್ಡ ‘ಎ’ ಆಗಿಬಿಡುತ್ತದೆ. ಆದರೆ ನುಡಿಯಲ್ಲಿ ಬರಿಯ ದೊಡ್ಡ ‘ಎ’ ಎಂದರೆ ಸೊನ್ನೆ, ಅನುಸ್ವಾರ. ಹಾಗಾದರೆ ‘ತಾ’ ಯಾವುದು, ‘ತಂ’ ಯಾವುದು? ಎರಡು ರಾತ್ರಿ ಈ ಸಾಲುಗಳ ಮುಂದೆ ಕುಳಿತ ಮೇಲೆ ಸೂತ್ರ ದೊರೆಯಿತು. ‘ತಂ’ ಎಂಬಲ್ಲಿ ತಕಾರದ ಒಡಲಿಗೆ ಮೊದಲು ತಲೆಕಟ್ಟು ಬಂದು ಆಮೇಲೆ ಸೊನ್ನೆ ಬರುತ್ತದೆ. ‘ತಾ’ ಎಂಬಲ್ಲಿ ದೀರ್ಘದ ಗುರುತು ತಲೆಕಟ್ಟಿನ ಸ್ಥಾನವನ್ನೇ ಆಕ್ರಮಿಸುತ್ತದೆ. ಆದ್ದರಿಂದ ತಲೆಕಟ್ಟಿಲ್ಲದ ಬರಿಯ ಒಡಲಿಗೆ ‘ಎ’ ನೇರವಾಗಿ ಹತ್ತಿದ್ದರೆ ಅದು ದೀರ್ಘ, ತಲೆಕಟ್ಟಿನ ಬಳಿಕ ಬಂದಿದ್ದರೆ ಸೊನ್ನೆ. ಹಾಗೆಯೇ ಉಕಾರದ ಕೊಂಬು ಹಾಗೂ ‘ಆ’ ಎಂಬ ಸ್ವರ ಎರಡೂ ದೊಡ್ಡ ‘ಡಿ’ ಆಗಿದ್ದವು. ಪದದ ಮೊದಲಲ್ಲಿದ್ದರೆ ಸ್ವರ, ನಡುವಿನಲ್ಲಿದ್ದರೆ ಬಹುಮಟ್ಟಿಗೆ ಕೊಂಬು. ಹೀಗೆ ಪತ್ರದ ನಂತರ ಪತ್ರವನ್ನು ಕೈಯಿಂದಲೇ ಬಿಡಿಸಿದೆ. ಕೆಲವು ಕಡೆ ಅರ್ಥವನ್ನು ನೋಡಿ ತೀರ್ಮಾನಿಸಬೇಕಾಯಿತು, ಅಂಥಲ್ಲಿ ಕಂಸದೊಳಗಿಟ್ಟೆ. ಗ್ರಂಥಸಂಪಾದನೆಯ ಪಾಠಗಳನ್ನು ಕಲಿಸಿದವರ ಪತ್ರಗಳನ್ನೇ ಗ್ರಂಥಸಂಪಾದನೆ ಮಾಡಿ ಓದಬೇಕಾಗಿ ಬಂದದ್ದು ವಿಚಿತ್ರ. ಆ ರಾತ್ರಿಗಳಲ್ಲಿ ಅವರು ಎದುರು ಕುಳಿತಂತೆ ಅನ್ನಿಸಿದ್ದನ್ನೂ ಹೇಳಬೇಕು.

ಕೊನೆಯ ವರ್ಷಗಳ ಪತ್ರಗಳು ಯೂನಿಕೋಡಿನಲ್ಲಿದ್ದವು. ಅವುಗಳ ಒಳಪ್ರತಿಯನ್ನು ತೆರೆದರೆ ಅರ್ಥವಾಗದ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಅದೇ ಮೈಮ್ ಹೊದಿಕೆ. ‘ಕನ್ನಡ’ ಎಂಬ ಪದ ಯೂನಿಕೋಡಿನಲ್ಲಿ ಐದು ಸಂಕೇತ. ಯುಟಿಎಫ್-8 ರೂಪದಲ್ಲಿ 15 ಬೈಟ್. ಹೊದಿಕೆ ಹಾಕಿದ ಮೇಲೆ 20 ರೋಮನ್ ಗುರುತುಗಳು. ಹೊದಿಕೆ ತೆಗೆದರೆ ಒಂದು ಮಾತ್ರೆಯೂ ವ್ಯತ್ಯಾಸವಾಗದೆ ಮೂಲ ಬರುತ್ತದೆ. ಒಂದೆರಡು ಕಡೆ ೞಕಾರವಿದ್ದಲ್ಲಿ ಖಾಲಿ ಚೌಕ ಕಾಣಿಸಿತು. ಅದೂ ನಷ್ಟವಲ್ಲ; ಆ ಯಂತ್ರದ ಅಕ್ಷರಶೈಲಿಯಲ್ಲಿ ಆ ಆಕಾರವಿಲ್ಲವೆಂಬ ಸೂಚನೆ ಮಾತ್ರ.

ಈ ೞಕಾರಕ್ಕೆ ಸಂಬಂಧಿಸಿದ ಒಂದು ಸಂಗತಿಯನ್ನು ವಿದ್ಯಾರ್ಥಿಗಳು ತಿಳಿದಿರಬೇಕು. ಯೂನಿಕೋಡಿನ ಪಟ್ಟಿಯಲ್ಲಿ ಅದಕ್ಕೆ ಹೆಸರಿಡುವಾಗ ತಪ್ಪಾಗಿ ‘ಫ’ ಎಂದು ಹೆಸರಿಟ್ಟಿದ್ದಾರೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಯೂನಿಕೋಡಿನ ನಿಯಮ. ಬದಲಿಸಿದರೆ ಹಳೆಯ ಹೆಸರನ್ನು ನಂಬಿದ ತಂತ್ರಾಂಶಗಳು ಕೆಡುತ್ತವೆ. ಆದ್ದರಿಂದ ತಪ್ಪು ಹೆಸರನ್ನು ಹಾಗೆಯೇ ಉಳಿಸಿ, ಸರಿಯಾದ ಹೆಸರನ್ನು ತಿದ್ದುಪಡಿಯಾಗಿ ಪಕ್ಕದಲ್ಲಿ ದಾಖಲಿಸಿದ್ದಾರೆ. ಮೂಲದಲ್ಲಿರುವುದನ್ನು ಅಳಿಸದೆ ಅಡಿಟಿಪ್ಪಣಿಯಲ್ಲಿ ತಿದ್ದುವ ಈ ಕ್ರಮ ನಮಗೆ ಹೊಸದೇನೂ ಅಲ್ಲ.

ನನಗೆ ಬೇಕಾಗಿದ್ದ ಪತ್ರ ಈ ಮೂರೂ ಗುಂಪುಗಳಲ್ಲಿ ಇರಲಿಲ್ಲ. ನಡುವಿನ ಒಂದು ವರ್ಷದ ಏಳೆಂಟು ತಿಂಗಳ ಪತ್ರಗಳು ಪ್ರತ್ಯೇಕವಾಗಿಯೇ ಇದ್ದವು. ಅವುಗಳಲ್ಲಿ ಗೀಟಿನ ‘ಎ’ಯೂ ಇಲ್ಲ, ‘ಅಟ್’ ಗುರುತೂ ಇಲ್ಲ. ಇದ್ದುದು ಪ್ರಶ್ನಾರ್ಥಕ ಚಿಹ್ನೆಗಳು. ‘ಕನ್ನಡ’ ಎಂಬ ಪದದ ಏಳು ಗುರುತುಗಳಲ್ಲಿ ‘ಪಿ’ ಮತ್ತು ‘ಕ್ಯೂ’ ಮಾತ್ರ ಉಳಿದು, ಮಿಕ್ಕ ಐದೂ ಪ್ರಶ್ನಾರ್ಥಕಗಳಾಗಿದ್ದವು. ಹುಡುಗನಿಗೆ ಕಳಿಸಿ ಕೇಳಿದೆ. ಒಳಪ್ರತಿಯನ್ನು ನೋಡಿ ಅವನು ಹೇಳಿದ್ದು ಇಷ್ಟು: ಪೆಟ್ಟಿಗೆಯನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗಿಸಿದ ಕಾಲದಲ್ಲಿ ನಡುವೆ ಬಂದ ಯಾವುದೋ ತಂತ್ರಾಂಶ ಇವನ್ನು ‘ಶುದ್ಧ’ ಮಾಡಿರಬೇಕು. ತನಗೆ ತಿಳಿಯದ ಪ್ರತಿಯೊಂದು ಗುರುತಿನ ಬದಲಿಗೂ ಪ್ರಶ್ನಾರ್ಥಕವನ್ನು ಬರೆದು ಉಳಿಸಿರಬೇಕು. “ಇದನ್ನು ಹಿಂದಕ್ಕೆ ತರಲು ಬರುವುದಿಲ್ಲ, ಸರ್. ಏನಿತ್ತೆಂಬ ಗುರುತೇ ಉಳಿದಿಲ್ಲ.”

ಆ ಪತ್ರವನ್ನು ತೆರೆದು ಬಹಳ ಹೊತ್ತು ನೋಡಿದೆ. ದಿನಾಂಕವಿದೆ; ಪದ್ಯದ ಸಂಖ್ಯೆಯಿದೆ; ಅಂಕಿಗಳಿಗೆ ಕೇಡಿಲ್ಲ. ನಾಲ್ಕನೆಯ ಸಾಲಿನಲ್ಲಿ ಆ ಪದವೂ ಇದೆ. ನುಡಿಯಲ್ಲಿ ‘ಅ’ಕಾರಕ್ಕೆ ನಿಲ್ಲುವ ‘ಸಿ’ ಉಳಿದಿದೆ. ದಕಾರದ ಒಡಲಾದ ‘ಝಡ್’ ಉಳಿದಿದೆ. ಕೊನೆಯ ಸೊನ್ನೆ ಉಳಿದಿದೆ. ‘ಅ’ಕಾರಕ್ಕೂ ದಕಾರಕ್ಕೂ ನಡುವೆ ಒಂದು ಪ್ರಶ್ನಾರ್ಥಕ ಚಿಹ್ನೆ ನಿಂತಿದೆ. ಓಲೆಯಲ್ಲಿ ಹುಳು ಹೊಡೆದ ಅಕ್ಷರವೇ ಪತ್ರದಲ್ಲಿಯೂ ಹೋಗಿತ್ತು. ಹುಳುವಾದರೂ ಅರ್ಧ ಗೆರೆಯನ್ನು ಬಿಟ್ಟಿತ್ತು.

ಮೂಲವಿಲ್ಲದಿದ್ದರೆ ಅದನ್ನು ಉದ್ಧರಿಸಿದವರನ್ನು ಹುಡುಕಬೇಕೆಂಬುದು ನಮ್ಮ ಶಾಸ್ತ್ರದ ಮೊದಲ ಪಾಠಗಳಲ್ಲಿ ಒಂದು. ಆ ಪತ್ರಕ್ಕೆ ನಾನು ಉತ್ತರ ಬರೆದಿದ್ದೆ. ಇ-ಮೇಲಿನಲ್ಲಿ ಉತ್ತರ ಬರೆಯುವಾಗ ಬಂದ ಪತ್ರದ ಸಾಲುಗಳು ಬಾಣದ ಗುರುತಿನೊಂದಿಗೆ ಕೆಳಗೆ ಬರುತ್ತವೆ. ನನ್ನ ಉತ್ತರ ‘ಕಳಿಸಿದವು’ಗಳ ಕಡತದಲ್ಲಿತ್ತು, ಅದು ‘ಶುದ್ಧೀಕರಣ’ಕ್ಕೆ ಸಿಕ್ಕಿರಲಿಲ್ಲ. ಕೈ ನಡುಗುತ್ತಲೇ ತೆರೆದೆ. ಗುರುಗಳ ಪತ್ರದ ಮೊದಲ ಮೂರು ಸಾಲುಗಳು ಅಚ್ಚುಕಟ್ಟಾಗಿ ಇದ್ದವು. ನಾಲ್ಕನೆಯ ಸಾಲಿನಿಂದ ಮುಂದಿನದು ಇರಲಿಲ್ಲ. ಪತ್ರ ಉದ್ದವಾಗಬಾರದೆಂದು ಉಳಿದುದನ್ನು ನಾನೇ ಅಳಿಸಿ ಕಳಿಸಿದ್ದೆ. ಆ ದಿನಗಳಲ್ಲಿ ಅದು ಸಭ್ಯತೆಯೆಂದು ನಮಗೆ ಹೇಳಿಕೊಟ್ಟಿದ್ದರು. ಅದರ ಮೇಲೆ ನನ್ನ ಒಂದು ವಾಕ್ಯವಿತ್ತು: “ಈ ಪದದ ಬಗ್ಗೆ ತಮ್ಮ ನಿರ್ಣಯ ನನಗೂ ಪೂರ್ಣ ಒಪ್ಪಿಗೆ.”

ಯಾವ ನಿರ್ಣಯ? ಅದನ್ನು ಬರೆದಿರಲಿಲ್ಲ.

ಗುರುಗಳ ಮನೆಗೂ ಹೋದೆ. ಅಮ್ಮನವರು ಕಾಫಿ ಕೊಟ್ಟು, ಅವರ ಕಂಪ್ಯೂಟರನ್ನು ಹೊಸದು ಕೊಳ್ಳುವಾಗ ಅಂಗಡಿಯವರಿಗೆ ಕೊಟ್ಟುಬಿಟ್ಟರೆಂದು ಹೇಳಿದರು. “ಅದರಲ್ಲಿ ಏನಾದರೂ ಇತ್ತೇನಪ್ಪ?” ಎಂದು ಕೇಳಿದರು. ಏನೂ ಇಲ್ಲಮ್ಮ ಎಂದೆ.

ಇದಾದ ಮೇಲೆ ನನ್ನ ಮನಸ್ಸಿನಲ್ಲಿ ನಡೆದದ್ದನ್ನು ಮುಚ್ಚಿಡುವುದಿಲ್ಲ. ‘ಅಱಿದಂ’ ಎಂಬ ಪಾಠವನ್ನು ಅಚ್ಚುಹಾಕಿ, ಇದು ಗುರುಗಳ ಪತ್ರದಿಂದ ತಿಳಿದದ್ದು ಎಂದು ಅಡಿಟಿಪ್ಪಣಿ ಬರೆದರೆ ಕೇಳುವವರು ಯಾರೂ ಇರಲಿಲ್ಲ. ನನ್ನ ನೆನಪೂ ಹಾಗೆಯೇ ಹೇಳುತ್ತಿತ್ತು. ಅವರ ಹೆಸರಿನ ಬಲದಿಂದ ಆ ಪಾಠ ನಿಲ್ಲುತ್ತಿತ್ತು, ನಾಯಕನ ಅಣ್ಣ ಬದುಕುತ್ತಿದ್ದ. ವಾರಗಟ್ಟಲೆ ಹೀಗೆ ಯೋಚಿಸಿದೆ. ಆಗ ನನಗೆ ಆ ‘ಶುದ್ಧೀಕರಣ’ದ ತಂತ್ರಾಂಶದ ಮೇಲಿದ್ದ ಕೋಪದ ಸ್ವರೂಪ ಅರ್ಥವಾಯಿತು. ತನಗೆ ತಿಳಿಯದುದನ್ನು ತನಗೆ ತಿಳಿದ ಒಂದು ಗುರುತಿನಿಂದ ಬದಲಿಸಿತೆಂಬುದೇ ಅದರ ಅಪರಾಧ. ಎಂಟನೆಯ ಬಿಟ್ಟನ್ನು ಕಳೆದ ಹಳೆಯ ಸರ್ವರ್ ಕೂಡ ಬದಲಾವಣೆಗೆ ಒಂದು ನಿಯಮವನ್ನು ಉಳಿಸಿತ್ತು. ನಿಯಮವನ್ನು ಹಿಡಿದು ಹಿಂದಕ್ಕೆ ನಡೆಯಬಹುದಿತ್ತು. ಹೊಸ ತಂತ್ರಾಂಶ ನನಗೆ ಬಾಗಿಲು ತೆರೆಯದಿದ್ದರೂ ಪತ್ರವನ್ನು ಮುಟ್ಟಿರಲಿಲ್ಲ. ತಮ್ಮ ಮುಂದಿದ್ದ ಪ್ರತಿಯಲ್ಲಿ ಕಂಡಂತೆ ಬರೆದಿದ್ದೇನೆ, ತಪ್ಪು ನನ್ನದಲ್ಲ ಎಂದು ಪುಷ್ಪಿಕೆಯಲ್ಲಿ ಹೇಳಿಕೊಳ್ಳುವ ಲಿಪಿಕಾರರನ್ನು ನಾವು ಎಷ್ಟೋ ಸಲ ಜಡರೆಂದು ಹಾಸ್ಯಮಾಡಿದ್ದೇವೆ. ಅರ್ಥವಾಗದ ಅಕ್ಷರವನ್ನು ಅರ್ಥವಾಗದೆಯೇ ಬರೆದುಕೊಟ್ಟವರ ಋಣ ನಮ್ಮ ಮೇಲಿದೆ. ನಾನು ಆ ಅಡಿಟಿಪ್ಪಣಿಯನ್ನು ಬರೆದಿದ್ದರೆ, ಗುರುಗಳ ಪತ್ರದಲ್ಲಿರುವ ಪ್ರಶ್ನಾರ್ಥಕದ ಮೇಲೆ ನನಗೆ ಬೇಕಾದ ಅಕ್ಷರವನ್ನು ಕೂರಿಸಿದಂತಾಗುತ್ತಿತ್ತು.

ಆದ್ದರಿಂದ ಮುದ್ರಣಕ್ಕೆ ಹೋಗಿರುವ ಪ್ರತಿಯಲ್ಲಿ ಹೀಗೆ ಮಾಡಿದ್ದೇನೆ. ಪದ್ಯದಲ್ಲಿ ಆ ಅಕ್ಷರದ ಸ್ಥಾನವನ್ನು ಚೌಕಕಂಸದಲ್ಲಿ ಬಿಟ್ಟಿದ್ದೇನೆ. ಕೆಳಗೆ ಎರಡೂ ಪಾಠಗಳನ್ನೂ ಅವುಗಳ ಅರ್ಥವನ್ನೂ ಕೊಟ್ಟು, ‘ಅಱಿದಂ’ ಎಂಬುದನ್ನು ನಾನು ಒಪ್ಪುತ್ತೇನೆಂದು ನನ್ನ ಹೊಣೆಯಲ್ಲಿಯೇ ಬರೆದಿದ್ದೇನೆ. ಮೊದಲ ಸಂಪಾದಕರ ನಿರ್ಣಯವು ಪತ್ರದಲ್ಲಿ ಇತ್ತೆಂದೂ, ಪತ್ರದ ಆ ಭಾಗ ಕೆಟ್ಟಿರುವುದರಿಂದ ಅದೇನೆಂದು ಹೇಳಲಾಗದೆಂದೂ ತಿಳಿಸಿದ್ದೇನೆ. ಉಳಿದ ಪತ್ರಗಳ ಒಳಪ್ರತಿಯನ್ನು ಬಂದ ಹಾಗೆಯೇ ಒಂದು ಕಡೆ, ಬಿಡಿಸಿದ ಕನ್ನಡ ಪಾಠವನ್ನು ಇನ್ನೊಂದು ಕಡೆ ಇಟ್ಟು, ಎರಡು ಪ್ರತಿ ಮಾಡಿದ್ದೇನೆ. ಮುಂದೆ ಯಾರಿಗಾದರೂ ನಾನು ಬಿಡಿಸಿದ್ದು ತಪ್ಪೆಂದು ತೋರಿದರೆ ಅವರು ಮೂಲವನ್ನೇ ನೋಡಲಿ.

ಸಂಶೋಧಕ ಮಿತ್ರರಲ್ಲಿ ಅನೇಕರ ಗುರುಗಳ ಪತ್ರಗಳು ಈಗ ಹಳೆಯ ಸರ್ವರುಗಳಲ್ಲಿಯೇ ಇರಬೇಕು. ಅವು ನಿಲ್ಲುವ ಮೊದಲು ತೆಗೆದಿಟ್ಟುಕೊಳ್ಳಿ. ತೆರೆಯ ಮೇಲೆ ಕಾಣುವುದನ್ನು ನಕಲಿಸಿಕೊಳ್ಳದೆ ಒಳಪ್ರತಿಯನ್ನೇ ಇಟ್ಟುಕೊಳ್ಳಿ. ವಿಚಿತ್ರವಾಗಿ ಕಾಣುವುದನ್ನು ಕೆಟ್ಟಿತೆಂದು ಅಳಿಸಬೇಡಿ. ನನ್ನ ಮಟ್ಟಿಗೆ ಇನ್ನೊಂದು ಅಭ್ಯಾಸವನ್ನು ಮಾಡಿಕೊಂಡಿದ್ದೇನೆ. ಈಗ ಯಾರ ಪತ್ರಕ್ಕೆ ಉತ್ತರ ಬರೆದರೂ, ಅವರು ಹೇಳಿದ ಮಾತನ್ನು ಮೊದಲು ಪೂರ್ತಿಯಾಗಿ ಒಂದು ಸಾಲಿನಲ್ಲಿ ಬರೆದು, ಆಮೇಲೆ ನನ್ನ ಒಪ್ಪಿಗೆಯನ್ನು ಬರೆಯುತ್ತೇನೆ.